ಮನೆಗಾಡಿಗೊಂದು ದೋಣಿ

ಅಮೆರಿಕದಿಂದ ಮೈಸೂರಿಗೆ ಮರಳಿದ ಮೇಲೆ ಎದುರು ಸಿಕ್ಕವರೆಲ್ಲ ಕೇಳಿದ್ದು ಒಂದೇ: ಸಿಯಾಟಲ್‌ನಲ್ಲಿ ಏನೇನು ನೋಡಿದಿರಿ? ಎತ್ತರದ ಗೋಪುರ ಹತ್ತಿದಿರಾ, ಹಿಮದ ಬೆಟ್ಟಕ್ಕೆ ಹೋದಿರಾ ಎಂದು ಒಬ್ಬೊಬ್ಬರದೂ ವಿಚಾರಣೆ. ಗೋಪುರವನ್ನು ನಾನು ಕಾರಿನ ಕಿಟಕಿಯಿಂದ ನೋಡಿದೆ. ಬೆಟ್ಟವನ್ನು ಮೋಡ ಸರಿದಾಗಲೆಲ್ಲ ದೂರದಿಂದಲೇ ನೋಡಿ ಸಂತೋಷಪಟ್ಟೆ. ಹತ್ತಿರದಿಂದ, ಮುಟ್ಟಿ, ಎತ್ತಿ, ಒಳಗೆ ಕೂತು ನೋಡಿದ್ದು ದೋಣಿಗಳನ್ನು ಮಾತ್ರ. ಹಾಗೆಂದು ಹೇಳಿದರೆ ಜನ ನನ್ನ ಮುಖವನ್ನೊಮ್ಮೆ ನೋಡಿ ಮಾತು ಬದಲಿಸುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ವಿಜ್ಞಾನದ ಮೇಡಂ. ಹೈಸ್ಕೂಲಿನ ಮಕ್ಕಳಿಗೆ ವಸ್ತುಗಳು ಯಾಕೆ ತೇಲುತ್ತವೆ, ಯಾಕೆ ಮುಳುಗುತ್ತವೆ ಎಂದು ಪಾಠ ಮಾಡುತ್ತಲೇ ನಿವೃತ್ತಳಾದವಳು. ಸ್ವತಃ ನಾನು ಮಾತ್ರ ಕಾರಂಜಿ ಕೆರೆಯ ಪೆಡಲ್ ದೋಣಿ ಬಿಟ್ಟು ಬೇರೆ ಯಾವುದನ್ನೂ ಹತ್ತಿರಲಿಲ್ಲ. ಅದನ್ನೂ ದಡಕ್ಕೆ ಅಂಟಿಕೊಂಡೇ ತುಳಿದಿದ್ದೆ. ಇಂಥವಳನ್ನು ನನ್ನ ಸುಧಕ್ಕ ಫೋನ್ ಮಾಡಿ, “ದೋಣಿ ಸೆಲೆಕ್ಟ್ ಮಾಡ್ಬೇಕು, ಬಾರೇ. ನಿಮ್ಮ ಭಾವನ ಜೊತೆ ಒಬ್ಬಳೇ ವಾದ ಮಾಡಿ ಸಾಕಾಗಿದೆ” ಎಂದು ಕರೆಸಿಕೊಂಡಳು.

ನಾರ್ತ್ ಕ್ರೀಕ್: ತೂಕ ನೋಡುವ ಮನೆ

ಸುಧಕ್ಕನ ಗಂಡ ಪ್ರಭಾಕರ ಭಾವ ಓದಲೆಂದು ಅಮೆರಿಕಕ್ಕೆ ಹೋಗಿ, ಅಲ್ಲಿಯೇ ವಿಮಾನ ಕಾರ್ಖಾನೆ ಸೇರಿ, ರೆಕ್ಕೆಗಳು ಎಷ್ಟು ಭಾರ ತಡೆಯುತ್ತವೆ ಎಂದು ಲೆಕ್ಕ ಹಾಕುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ನಿವೃತ್ತರಾದ ಮೇಲೆ ಗಂಡ ಹೆಂಡತಿ ಸಿಯಾಟಲ್ ಪಕ್ಕದ ಮುಕಿಲ್ಟಿಯೊದ ಮನೆ ಮಾರಿ, ಚಕ್ರದ ಮೇಲಿರುವ ಮನೆಯೊಂದನ್ನು ಕೊಂಡರು. ಅಲ್ಲಿಯವರು ಅದನ್ನು ಆರ್‌ವಿ ಎನ್ನುತ್ತಾರೆ. ನಾನು ಮನೆಗಾಡಿ ಎಂದು ಕರೆದೆ, ಕೊನೆಗೆ ಅವರೂ ಹಾಗೇ ಕರೆಯತೊಡಗಿದರು. ನಮ್ಮ ಕಡೆಯ ಟೂರಿಸ್ಟ್ ಬಸ್ಸಿನಷ್ಟು ಉದ್ದ. ಒಳಗೆ ಅಡುಗೆ ಕಟ್ಟೆ, ಮಂಚ, ಬಚ್ಚಲು, ದೇವರಿಗೊಂದು ಗೂಡು. ಹಿಂದೆ ಕಟ್ಟಿ ಎಳೆದುಕೊಂಡು ಹೋಗಲು ಒಂದು ಪುಟ್ಟ ಕಾರು. ಇನ್ನು ವರ್ಷವಿಡೀ ಇದರಲ್ಲೇ ವಾಸ, ದೇಶವಿಡೀ ಸುತ್ತಾಟ. ನಾನು ಊರಿಗೆ ಹೊರಟ ಮರುದಿನವೇ ಅವರದೂ ಪ್ರಯಾಣ. ಅಷ್ಟರೊಳಗೆ ದೋಣಿಯೊಂದು ಗೊತ್ತಾಗಬೇಕಿತ್ತು.

ಮನೆಗಾಡಿ ನಿಂತಿದ್ದು ನಾರ್ತ್ ಕ್ರೀಕ್ ಹತ್ತಿರ, ಇಂಥ ಗಾಡಿಗಳಿಗೆಂದೇ ಇರುವ ಬಯಲಿನಲ್ಲಿ. ನಾನು ಬಂದಿಳಿದ ತಕ್ಷಣ ಭಾವ ನನ್ನ ಸೂಟ್‌ಕೇಸನ್ನು ಕೈತಕ್ಕಡಿಗೆ ನೇತುಹಾಕಿದರು. ಯೋಗಕ್ಷೇಮ ಆಮೇಲೆ.

“ವನಜಾ, ಏನಮ್ಮ ಇದು? ಕಲ್ಲು ತಂದಿದೀಯಾ?”

“ಹಪ್ಪಳ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಎಲ್ಲಾ ನಿಮಗೇ ಭಾವ.”

“ಗಾಡಿಗೆ ಒಂದು ವೆಯ್ಟ್ ಲಿಮಿಟ್ ಇದೆ. ಒಂದು ಸಾಮಾನು ಬಂದ್ರೆ ಒಂದು ಇಳೀಬೇಕು.”

“ಹಪ್ಪಳ ತಿಂದ್ಮೇಲೆ ಅದರ ತೂಕ ಎಲ್ಲಿಗೆ ಹೋಗುತ್ತೆ? ನಿಮ್ಮ ಹೊಟ್ಟೇಲೇ ತಾನೇ ಗಾಡಿ ಹತ್ತೋದು?”

ಭಾವ ನಗಲಿಲ್ಲ. ನಿಂತು ಯೋಚಿಸಿ, “ಪಾಯಿಂಟ್ ಇದೆ” ಎಂದರು. ಅವರ ಜೊತೆ ತಮಾಷೆ ಮಾಡುವುದು ಇದೇ ಕಾರಣಕ್ಕೆ ಕಷ್ಟ.

ಒಳಗೆ ಅಕ್ಕ ದೋಸೆ ಹುಯ್ಯುತ್ತಿದ್ದಳು. ದೋಣಿ ಬರುವುದಾದರೆ ಅವಳ ದೋಸೆಹಿಟ್ಟಿನ ಗ್ರೈಂಡರ್ ಇಳಿಯಬೇಕೆಂದು ಭಾವ, ಅವರ ಟೂಲ್ ಬಾಕ್ಸ್ ಇಳಿಯಲಿ ಎಂದು ಅಕ್ಕ. ಆ ಜಗಳ ಆಗಲೇ ಹಳೆಯದಾಗಿತ್ತು. ನಿಜವಾದ ವಿಷಯ ಬೇರೆಯೇ ಇತ್ತು. ದೋಸೆ ಮಗುಚುತ್ತಾ ಅಕ್ಕ ಅದನ್ನು ಭಾವನ ಎದುರಿಗೇ ಹೇಳಿದಳು.

“ಎರಡು ವರ್ಷದ ಹಿಂದೆ ಇವ್ರಿಗೆ ಎದೆನೋವು ಬಂತಲ್ಲ, ಇದೇ ಫೋರ್ ನಾಟ್ ಫೈವ್ ರೋಡಲ್ಲಿ. ಇವ್ರೇ ಡ್ರೈವ್ ಮಾಡ್ತಿದ್ರು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದ್ರು. ನನಗೆ ಫ್ರೀವೇನಲ್ಲಿ ಓಡಿಸಿ ಅಭ್ಯಾಸಾನೇ ಇರ್ಲಿಲ್ಲ. ಆಂಬುಲೆನ್ಸ್ ಬರೋವರೆಗೂ ಫೋನ್ ಹಿಡ್ಕೊಂಡು ಗೂಟದ ಥರ ನಿಂತಿದ್ದೆ. ಈಗ ನೋಡು, ಈ ಗಾಡೀನ ನಾನೇ ಓಡಿಸ್ತೀನಿ. ಇನ್ನು ದೋಣಿ. ನಡು ನೀರಲ್ಲಿ ಹಾಗೇನಾದ್ರೂ ಆದ್ರೆ ಯಾವ ಆಂಬುಲೆನ್ಸ್ ಬರುತ್ತೆ? ಅದಕ್ಕೇ ಕಂಡೀಷನ್ ಹಾಕಿದೀನಿ. ಇವ್ರು ಮೂಟೆ ಥರ ಕೂತಿರ್ಬೇಕು, ನಾನೊಬ್ಬಳೇ ದಡ ಸೇರಿಸ್ಬೇಕು. ದೋಣೀನ ಎತ್ತೋದು, ಇಳಿಸೋದು ಎಲ್ಲಾ ನಾನೊಬ್ಬಳೇ. ಅದಾದ್ರೆ ದೋಣಿ, ಇಲ್ಲಾಂದ್ರೆ ಇಲ್ಲ.”

“ನಾನೇನು ಪೇಷಂಟಾ?” ಎಂದರು ಭಾವ. ಅವರಿಗೆ ದೋಣಿಯ ಆಸೆ ನಿನ್ನೆ ಮೊನ್ನೆಯದಲ್ಲ. ಇಡೀ ಆಯುಷ್ಯ ಆಕಾಶದಲ್ಲಿ ಹಾರುವುದರ ಲೆಕ್ಕ ಹಾಕಿದ ಮನುಷ್ಯನಿಗೆ ಒಮ್ಮೆ ನೀರಿನ ಮೇಲೆ ಸುಮ್ಮನೆ ತೇಲಬೇಕು. ಹೋಗುವ ದಾರಿಯ ಸರೋವರಗಳ ಹೆಸರುಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಮೂಟೆ ಎನ್ನಿಸಿಕೊಂಡು ತೇಲುವುದು ಅವರಿಗೆ ಬೇಡವಾಗಿತ್ತು. ಕಿಟಕಿಯಾಚೆ ಅದೇ ಫೋರ್ ನಾಟ್ ಫೈವ್ ಹೆದ್ದಾರಿ ಬಿಡುವಿಲ್ಲದೆ ಮೊರೆಯುತ್ತಿತ್ತು. ನಾನು ಇನ್ನೊಂದು ದೋಸೆ ಹಾಕಿಸಿಕೊಂಡೆ.

ಈ ಗಾಡಿಗಳ ಊರಿನಲ್ಲಿ ಒಂದು ಪದ್ಧತಿ ಕಂಡೆ. ಎರಡು ದಿನ ನಿಲ್ಲುವವರೂ ಬಾಗಿಲಿನ ಮುಂದೆ ಚಾಪೆ ಹಾಸಿ, ಹೂವಿನ ಕುಂಡವಿಟ್ಟು, ದೀಪದ ಸರ ಕಟ್ಟುತ್ತಾರೆ. ಅಕ್ಕ ಪುಟ್ಟದೊಂದು ರಂಗೋಲಿ ಹಾಕುತ್ತಿದ್ದಳು. ಪಕ್ಕದ ಗಾಡಿಯ ಡೇವ್ ಎಂಬ ಅಜ್ಜ ಅದನ್ನು ತುಳಿಯಬಾರದೆಂದು ಸುತ್ತು ಹಾಕಿಕೊಂಡು ಬರುತ್ತಿದ್ದ. ಅವನ ನಾಯಿಯ ಹೆಸರು ಬಿಸ್ಕೆಟ್. ಅದಕ್ಕೂ ಒಂದು ಲೈಫ್ ಜಾಕೆಟ್ ಇತ್ತು. ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಮಾತ್ರ ಭಾವ ಕೈಗವಸು ತೊಟ್ಟು ಮನೆಗಾಡಿಯ ಶೌಚದ ಟ್ಯಾಂಕನ್ನು ತಾವೇ ಕೊಳವೆ ಜೋಡಿಸಿ ಖಾಲಿ ಮಾಡಿದ್ದು. ಮಡಿ ಮಡಿ ಎನ್ನುತ್ತಿದ್ದ ನಮ್ಮ ಅಜ್ಜಿ ಮೊಮ್ಮಗಳ ಗಂಡನ ಈ ಅವತಾರ ನೋಡಿದ್ದರೆ ಏನೆನ್ನುತ್ತಿದ್ದಳೋ. ಭಾವ ಮಾತ್ರ ಪಕ್ಕದವರಿಗೆ ಕೊಳವೆಯ ಇಳಿಜಾರು ಎಷ್ಟಿರಬೇಕೆಂದು ವಿವರಿಸುವುದರಲ್ಲಿ ಮುಳುಗಿದ್ದರು.

ಮುಕಿಲ್ಟಿಯೊ: ಏರದ ದೋಣಿ

ಮೊದಲ ದೋಣಿ ಮುಕಿಲ್ಟಿಯೊದ್ದು. ಅಕ್ಕನ ಹಳೆಯ ನೆರೆಯಾಕೆ ಲಿಂಡಾ ತನ್ನ ಗಟ್ಟಿ ಪ್ಲಾಸ್ಟಿಕ್ಕಿನ ಕೆಂಪು ದೋಣಿಯನ್ನು ಮಾರುವವಳಿದ್ದಳು. ಮೊದಲು ನೋಡಿ, ಇಷ್ಟವಾದರೆ ಮಾತು ಎಂದು ಅವಳೇ ಅದನ್ನು ತನ್ನ ಟ್ರಕ್ಕಿನಲ್ಲಿ ಹಾಕಿಕೊಂಡು, ಲೈಟ್‌ಹೌಸ್ ಪಕ್ಕದ ಪಾರ್ಕಿಗೆ ತಂದಳು.

ದೋಣಿ ಚೆನ್ನಾಗಿತ್ತು. ಭಾವ ಅದರ ಬೆನ್ನನ್ನು ತಟ್ಟಿ, ಸುತ್ತ ಒಂದು ಪ್ರದಕ್ಷಿಣೆ ಬಂದು, “ಇದಕ್ಕೆ ಏನೂ ಆಗಲ್ಲ, ಬಂಡೆಗೆ ಗುದ್ದಿದ್ರೂ ಬಂಡೇನೇ ಒಡೀಬೇಕು” ಎಂದರು. ಮುಖ ಅರಳಿತ್ತು. ಇನ್ನು ಅಕ್ಕನ ಸರದಿ. ದೋಣಿಯನ್ನು ಕಾರಿನ ತಲೆಯ ಮೇಲೆ ಒಬ್ಬಳೇ ಏರಿಸಬೇಕು. ಅವಳು ಸೊಂಟಕ್ಕೆ ದುಪಟ್ಟಾ ಬಿಗಿದು, ಒಂದು ತುದಿಯನ್ನು ಎತ್ತಿ ಕಾರಿನ ಮೇಲಿಟ್ಟಳು. ಇನ್ನೊಂದು ತುದಿ ಎತ್ತಲು ಹೋದಾಗ ಮೊದಲನೆಯದು ಜಾರಿತು. ಮತ್ತೆ ಎತ್ತಿದಳು. ಮತ್ತೆ ಜಾರಿತು. ಭಾವ ಕೈ ಚಾಚಿದರು.

“ಮುಟ್ಬೇಡಿ!”

ಸುತ್ತ ನಾಲ್ಕು ಜನ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ, ಸಭ್ಯವಾಗಿ ಸಮುದ್ರದ ಕಡೆ ನೋಡುತ್ತಿದ್ದರು. ಇದು ಅಲ್ಲಿಯವರ ರೀತಿ. ಕೇಳದೆ ಸಹಾಯಕ್ಕೆ ಬರುವುದೆಂದರೆ ನಿಮ್ಮ ಕೈಲಿ ಆಗುವುದಿಲ್ಲ ಎಂದಂತೆ. ಮೈಸೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ, ಆರು ಜನ ಸಲಹೆ ಕೊಟ್ಟು, ಇಬ್ಬರು ಎತ್ತಿಬಿಡುತ್ತಿದ್ದರು, ಒಬ್ಬ ಹಗ್ಗ ತರಲು ಹೋಗಿರುತ್ತಿದ್ದ. ಕೊನೆಗೆ ಲಿಂಡಾ ಬಾಯಿಬಿಟ್ಟು ಕೇಳಿದಳು. ತಕ್ಷಣ ನಾಲ್ವರೂ ಓಡಿಬಂದು, ಎತ್ತಿ, ಪಟ್ಟಿ ಬಿಗಿದು, ಗಂಟು ಸರಿಯಿದೆಯೇ ಎಂದು ಎರಡೆರಡು ಸಲ ನೋಡಿದರು. ಅವರು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದನ್ನು ಮತ್ತೆ ಬಿಚ್ಚಿಸಬೇಕಾಯಿತು. ಅಕ್ಕ ಬೇಡವೆಂದಿದ್ದಳು.

ಬೆಂಚಿನ ಮೇಲೆ ಕೂತು ಚಿತ್ರಾನ್ನ, ಕೋಡುಬಳೆ ತಿಂದೆವು. ಎದುರಿನ ದ್ವೀಪಕ್ಕೆ ಹೋಗುವ ಫೆರ್ರಿ ಕಾರುಗಳನ್ನು ಹೊಟ್ಟೆಗೆ ತುಂಬಿಕೊಳ್ಳುತ್ತಿತ್ತು. ಭಾವ ಮುಖ ಊದಿಸಿಕೊಂಡು ಕೋಡುಬಳೆ ಹಿಡಿದು ಅದನ್ನೇ ನೋಡುತ್ತಿದ್ದರು. ಕಡಲಕ್ಕಿಯೊಂದು ಬಂದು ಕೋಡುಬಳೆಯನ್ನು ಬೆರಳಿನಿಂದ ಕಿತ್ತುಕೊಂಡು ಹೋಯಿತು. ಸ್ವಲ್ಪ ದೂರದಲ್ಲಿ ಕೂತು, ಒಮ್ಮೆ ಕಚ್ಚಿ ನೋಡಿ, ಉಗುಳಿತು.

“ನಿನ್ನ ತಂಗಿ ಮಾಡಿದ್ದು ಹಕ್ಕಿಗೂ ಹಿಡಿಸ್ಲಿಲ್ಲ” ಎಂದರು ಭಾವ ಅಕ್ಕನಿಗೆ. ಅಂದರೆ ಸಿಟ್ಟು ಇಳಿಯಿತೆಂದು ಅರ್ಥ.

ರೆಡ್ಮಂಡ್: ಮಡಚುವ ದೋಣಿ

ಎರಡನೆಯದು ರೆಡ್ಮಂಡ್‌ನ ಕಿರಣ್ ಎಂಬ ಹುಡುಗನದು. ಹುಡುಗ ಎಂದರೆ ನಲವತ್ತರ ಹತ್ತಿರದ ಸಾಫ್ಟ್‌ವೇರ್ ಎಂಜಿನಿಯರು, ಬೆಂಗಳೂರಿನ ಬಸವನಗುಡಿಯವನು. ಅವನ ದೋಣಿ ಮಡಚಿದರೆ ಸೂಟ್‌ಕೇಸಿನಂತೆ. ಬಿಡಿಸಿ, ಮಡಿಕೆ ಕೂರಿಸಿ, ಪಟ್ಟಿ ಬಿಗಿದರೆ ಚೂಪು ಮೂತಿಯ ಸಪೂರ ದೋಣಿ, ಕಯಾಕ್.

“ತುಂಬಾ ಈಸಿ ಆಂಟಿ. ವಿಡಿಯೋ ನೋಡ್ಕೊಂಡು ಮಾಡ್ಬಿಡ್ಬೋದು” ಎಂದ ಕಿರಣ್.

“ಎಷ್ಟು ಸಲ ಯೂಸ್ ಮಾಡಿದೀರಪ್ಪಾ?” ಅಕ್ಕ ಕೇಳಿದಳು.

ಕಿರಣ್ ತಲೆ ಕೆರೆದುಕೊಂಡ. ಕಾಫಿ ತಂದ ಅವನ ಹೆಂಡತಿಯೇ ಉತ್ತರ ಕೊಟ್ಟಳು: “ಒಂದ್ಸಲ. ಅವತ್ತು ಜೋಡಿಸೋಷ್ಟ್ರಲ್ಲಿ ಸೂರ್ಯ ಹೋದ.”

ಆ ಊರಿನಲ್ಲಿ ಸೂರ್ಯ ಹೋದ ಎಂದರೆ ಯಾರೂ ನಗುವುದಿಲ್ಲ. ವರ್ಷದ ಬಹುಪಾಲು ಬೂದು ಮೋಡ, ಜಿನುಗುವ ಮಳೆ. ಛತ್ರಿ ಹಿಡಿದವರನ್ನು ಹೊಸಬರೆಂದು ಗುರುತಿಸುತ್ತಾರಂತೆ. ಬೇಸಿಗೆಯಲ್ಲಿ ಬಿಸಿಲು ಬಂತೋ, ಆಫೀಸು ಬಿಟ್ಟವರೆಲ್ಲ ನೀರಿಗೆ. ಅಂದೂ ಅಂಥದೇ ಬಿಸಿಲು. ಕಾಫಿ ಮುಗಿಸಿ ಕಿರಣ್ ಜೊತೆ ನಾವೂ ಹೊರಟೆವು. ರೆಡ್ಮಂಡ್ ಪಕ್ಕದ ಸಮಾಮಿಶ್ ಸರೋವರದ ದಡದಲ್ಲಿ ಸಂಕ್ರಾಂತಿಯ ದಿನದ ಮೈಸೂರು ಮಾರುಕಟ್ಟೆಯಷ್ಟು ಜನ. ಆದರೆ ಗಲಾಟೆ ಮಾತ್ರ ಇಲ್ಲ.

ಅಕ್ಕ ದೋಣಿ ಜೋಡಿಸಲು ಕೂತಳು. ಸೀರೆ ಮಡಚುವುದು ಬರುವವರಿಗೆ ಇದು ಯಾವ ಮಹಾ ಎಂದು ನಾನು ಅಂದುಕೊಂಡಿದ್ದೆ. ಒಂದು ಮಡಿಕೆ ಒತ್ತಿದರೆ ಇನ್ನೊಂದು ಮೇಲೇಳುತ್ತಿತ್ತು. ಬೆರಳು ಸಿಕ್ಕಿಸಿಕೊಂಡು ಎರಡು ಸಲ “ಅಯ್ಯೋ” ಎಂದಳು. ಭಾವ ಪಕ್ಕದಲ್ಲಿ ಕೂತು, “ಎಡಗಡೆ ಫ್ಲಾಪ್ ಮೊದ್ಲು... ಅಲ್ಲಲ್ಲ... ಸ್ಟ್ರೆಸ್ ಈ ಕಡೆ ಹೋಗ್ಬೇಕು” ಎಂದು ಒಂದೇ ಸಮನೆ ಹೇಳುತ್ತಿದ್ದರು. ಕೇಳುತ್ತಾ ಕೂತ ನನಗೇ ತಲೆ ಚಿಟ್ಟುಹಿಡಿಯಿತು. ಅಂತೂ ದೋಣಿ ದೋಣಿಯಾಯಿತು. ಇಬ್ಬರೂ ಲೈಫ್ ಜಾಕೆಟ್ ತೊಟ್ಟು ಹತ್ತಿದರು. ಭಾವ ಮುಂದೆ, ಮೂಟೆಯ ಹಾಗೆ. ಅಕ್ಕ ಹಿಂದೆ, ಹುಟ್ಟು ಹಿಡಿದು. ಕಿರಣ್ ದೋಣಿಯನ್ನು ಮೆಲ್ಲಗೆ ದೂಡಿದ.

ಮೂಟೆ ಎಂದಾದರೂ ಹಿಂದಿರುಗಿ ನೋಡುತ್ತದೆಯೇ? ಈ ಮೂಟೆ ನೋಡಿತು. “ಸುಧಾ, ಹುಟ್ಟನ್ನ ಹಾಗೆ ಹಿಡಿಯೋದಲ್ಲ” ಎಂದು ಭಾವ ಸೊಂಟ ತಿರುಗಿಸಿದ್ದೇ ತಡ, ಕಿರಿದಾದ ದೋಣಿ ಮಗ್ಗುಲಾಗಿ ಇಬ್ಬರೂ ನೀರಿಗೆ. ನೀರು ಮೊಣಕಾಲಿನ ಮಟ್ಟದ್ದು, ಭಯವೇನಿರಲಿಲ್ಲ. ಪಕ್ಕದಲ್ಲಿ ಆಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಭಾವ ನೀರಿನಲ್ಲಿ ಕೂತಲ್ಲಿಂದಲೇ ಕಿರಣ್‌ಗೆ ಗುರುತ್ವ ಕೇಂದ್ರ ಎಲ್ಲಿ ತಪ್ಪಿತೆಂದು ವಿವರಿಸತೊಡಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ.

“ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ. ಅದಕ್ಕೇ ಸುಮ್ಮನೆ ಕೂರಕ್ಕೆ ಆಗಲ್ಲ” ಎಂದಳು, ಒದ್ದೆ ಕೂದಲು ಹಿಂಡುತ್ತಾ.

“ಹಾಗಾದ್ರೆ ದೋಣಿ ಬೇಡ, ಬಿಡು” ಎಂದರು ಭಾವ.

ಮರಳುವಾಗ ಕಾರನ್ನು ಅಕ್ಕನೇ ಓಡಿಸಿದಳು. ಒದ್ದೆ ಬಟ್ಟೆಯಲ್ಲಿ ಮುಂದೆ ಕೂತ ಅವರಿಬ್ಬರ ಬೆನ್ನು ನೋಡುತ್ತಾ ನನಗೆ ನಿಜಕ್ಕೂ ಬೇಸರವಾಯಿತು. ಅಕ್ಕ ಮೂವತ್ತು ವರ್ಷದ ಮನೆಯನ್ನು ಬಿಟ್ಟುಬಂದದ್ದು ಈ ಮನುಷ್ಯನ ಆಸೆಗಾಗಿ. ಅದರ ಮುಖ್ಯ ಭಾಗವೇ ಇಲ್ಲದೆ ಹೊರಟರೆ, ಆ ಸರೋವರಗಳನ್ನೆಲ್ಲ ದಡದಲ್ಲಿ ನಿಂತು ನೋಡಬೇಕು, ಒಬ್ಬರ ಮೇಲೊಬ್ಬರು ಮುನಿಸಿಕೊಂಡು.

ಬಾಥೆಲ್: ಹೊಳೆ ಲೆಕ್ಕಕ್ಕಿಲ್ಲ

ಮೂರನೆಯ ದೋಣಿಯನ್ನು ನಾವು ಹುಡುಕಲಿಲ್ಲ, ಅದೇ ಬಂತು. ಬೆಳಿಗ್ಗೆ ಡೇವ್ ಬಿಸ್ಕೆಟ್‌ಗೆ ಜಾಕೆಟ್ ಹಾಕುತ್ತಿದ್ದ. ಹೆಗಲಿಗೆ ಒಂದು ಚೀಲ. ಎಲ್ಲಿಗೆಂದು ಅಕ್ಕ ಕೇಳಿದ್ದಕ್ಕೆ ಹೊಳೆಗೆ ಎಂದ. ದೋಣಿ ಎಲ್ಲಿ ಎಂದರೆ ಚೀಲ ತೋರಿಸಿದ. ಗಾಳಿ ತುಂಬುವ ದೋಣಿ! ಮೊಮ್ಮಕ್ಕಳೂ ಬರುತ್ತಾರೆಂದು ಅವನು ಇನ್ನೂ ದೊಡ್ಡದನ್ನು ತರಿಸಿದ್ದ, ಇದನ್ನು ಯಾರಿಗಾದರೂ ಕೊಡಬೇಕೆಂದಿದ್ದ.

ಅಕ್ಕ ಚೀಲವನ್ನು ಬೆನ್ನಿಗೆ ಹಾಕಿ ಎದ್ದು ನಿಂತಳು. ಎರಡು ಹೆಜ್ಜೆ ಹಾಕಿ ನೋಡಿದಳು. ಅಡಿಗಡಿಗೆ “ಮುಟ್ಬೇಡಿ” ಎನ್ನುವ ಪ್ರಮೇಯವೇ ಬರಲಿಲ್ಲ. ಬಾಥೆಲ್ ಊರಿನ ನಡುವೆ ನಿಧಾನವಾಗಿ ಹರಿಯುವ ಹೊಳೆಯ ದಡದಲ್ಲಿ ಅವಳೇ ಪಂಪು ಒತ್ತಿದಳು. ಅಂಗಾತ ಬಿದ್ದಿದ್ದ ರಬ್ಬರಿನ ಹಾಸು ಉಬ್ಬಿ ಉಬ್ಬಿ ಮೂವರು ಕೂರುವ ದೋಣಿಯಾಯಿತು. ಅಗಲವಾದ ತಳ, ಎರಡು ಪಕ್ಕದಲ್ಲೂ ದಪ್ಪ ಕೊಳವೆ. ಮಗುಚುವ ಪೈಕಿಯೇ ಅಲ್ಲ. ನನಗಂತೂ ಹೊಗೇನಕಲ್ಲಿನ ತೆಪ್ಪಗಳ ನೆನಪಾಗಿ, ಇದಾದರೆ ನಾನೂ ಹತ್ತಬಹುದು ಎನ್ನಿಸಿತು.

ಭಾವ ಮುಂದೆ ಕೂತರು. ತುಟಿಗೆ ಬೀಗ ಹಾಕಿಕೊಂಡವರ ಹಾಗೆ ಸ್ವಲ್ಪ ದೂರ ಹೋದರು. ಆಮೇಲೆ ತಡೆಯಲಾಗದೆ, “ಬಲಗಡೆ ಕೊಂಬೆ ಇದೆ ಸುಧಾ.”

“ಮೂಟೆ ಮಾತಾಡಲ್ಲ ರೀ.”

“ಮೂಟೆಗೆ ಕಣ್ಣಿಲ್ವಾ?”

ಅಕ್ಕ ಕೊಂಬೆಯನ್ನು ತಪ್ಪಿಸಿ ಒಂದು ಸುತ್ತು ಹಾಕಿ ದಡಕ್ಕೆ ತಂದಳು. ಡೇವ್ ಹೆಬ್ಬೆರಳೆತ್ತಿದ. ಬಿಸ್ಕೆಟ್ ಬೊಗಳಿತು. ಭಾವ ಗೆದ್ದೆ ಎಂಬಂತೆ ನನ್ನನ್ನು ನೋಡಿದರು. ಅಕ್ಕ ಮಾತ್ರ ತಲೆ ಆಡಿಸಿದಳು. “ವಾಪಸ್ ಬರುವಾಗ ಹೊಳೇನೇ ನಮ್ಮನ್ನ ಈ ಕಡೆ ತಳ್ತಿತ್ತು. ಇದು ಲೆಕ್ಕಕ್ಕಿಲ್ಲ. ನಾಳೆ ಸರೋವರದಲ್ಲಿ ನೋಡೋಣ. ನಾಳೇನೇ ಕೊನೆ.”

ಮತ್ತೆ ಸಮಾಮಿಶ್: ಪೂಜೆ ಮತ್ತು ಅದರ ಫಲ

ಮರುದಿನ ಭಾವ ಬೆಳಿಗ್ಗೆಯೇ ಇಂಡಿಯನ್ ಅಂಗಡಿಗೆ ಹೋಗಿ ತೆಂಗಿನಕಾಯಿ, ನಿಂಬೆಹಣ್ಣು, ಅಗರಬತ್ತಿ, ಕುಂಕುಮ ತಂದರು. ಅಕ್ಕ ಹುಬ್ಬೇರಿಸಿದಳು. ಆಯುಧಪೂಜೆಯ ದಿನ ಕಾರಿಗೆ ಹೂವಿಟ್ಟರೆ, “ಎಂಜಿನ್ ಆಯಿಲ್ ಬದಲಾಯಿಸೋದೇ ಪೂಜೆ” ಎನ್ನುತ್ತಿದ್ದ ಮಹಾಶಯರು ಇವರು.

“ಯಾವ ಗಾಡಿಯಾದ್ರೂ ಮೊದಲ್ನೇ ಸಲ ಹೊರಗೆ ತೆಗೆಯುವಾಗ ಪೂಜೆ ಆಗ್ಬೇಕಪ್ಪಾ. ಪದ್ಧತಿ” ಎಂದರು ಭಾವ ಗಂಭೀರವಾಗಿ. ಲಂಚವೆಂದು ನಮ್ಮಿಬ್ಬರಿಗೂ ಗೊತ್ತಾಯಿತು. ದೇವರಿಗಲ್ಲ, ಅಕ್ಕನಿಗೆ.

ಸರೋವರದ ದಡದ ಹುಲ್ಲಿನ ಮೇಲೆ ಗಾಳಿ ತುಂಬಿದ ದೋಣಿಗೆ ಅಕ್ಕ ಕುಂಕುಮವಿಟ್ಟು ಹೂವೇರಿಸಿದಳು. ಕಾಯಿಯನ್ನು ಕಲ್ಲಿಗೆ ಒಡೆದಾಗ ಸುತ್ತ ಬಿಸಿಲು ಕಾಯುತ್ತಿದ್ದವರು ತಲೆಯೆತ್ತಿದರು. ನಾನು ಚೂರು ಮಾಡಿ ಹಂಚಿದೆ. ಯಾಕೆ ಏನು ಎಂದು ಕೇಳದೆ ಎಲ್ಲರೂ ತಿಂದರು. ಈ ವಿಷಯದಲ್ಲಿ ಅಲ್ಲಿಯವರನ್ನು ಮೆಚ್ಚಬೇಕು.

ತೊಡಕಾದದ್ದು ನಿಂಬೆಹಣ್ಣು. ಚಕ್ರದ ಕೆಳಗಿಟ್ಟು ಜಜ್ಜಬೇಕು, ದೋಣಿಗೆ ಚಕ್ರವೆಲ್ಲಿ? ನೀರಿನಂಚಿನಲ್ಲಿಟ್ಟು ಅದರ ಮೇಲೆ ದೋಣಿ ಜಾರಿಸೋಣ ಎಂದರು ಭಾವ. ಇಟ್ಟರು. ಒಂದು ಸಣ್ಣ ಅಲೆ ಬಂದು ನಿಂಬೆಹಣ್ಣನ್ನು ತೇಲಿಸಿಕೊಂಡು ಹೋಯಿತು. ನಮ್ಮ ಜೊತೆ ಡೇವ್ ಮತ್ತು ಬಿಸ್ಕೆಟ್ ಕೂಡ ಬಂದಿದ್ದರು. ಬಿಸ್ಕೆಟ್ ಟಣ್ಣನೆ ನೀರಿಗೆ ಹಾರಿ, ನಿಂಬೆಹಣ್ಣನ್ನು ಬಾಯಲ್ಲಿ ಕಚ್ಚಿ ತಂದು ಅಕ್ಕನ ಪಾದದ ಬಳಿ ಇಟ್ಟಿತು. ಹಲ್ಲು ತಾಗಿ ಹಣ್ಣು ಜಜ್ಜಿತ್ತು. ಶಾಸ್ತ್ರ ಮುಗಿಯಿತೆಂದು ತೀರ್ಮಾನಿಸಿದೆವು.

ಅಗರಬತ್ತಿ ಮಾತ್ರ ನಿಲ್ಲಲಿಲ್ಲ. ಹಚ್ಚಿದರೆ ಗಾಳಿಗೆ ಆರುತ್ತಿತ್ತು. “ಗಾಳಿಗೆ ಅಡ್ಡ ಇರೋ ಕಡೆ ಇಡ್ಬೇಕು” ಎಂದು ಭಾವ ಅದನ್ನು ಮುಂದಿನ ಸೀಟಿಗೂ ಪಕ್ಕದ ಕೊಳವೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಸಿದರು. ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. ಆಮೇಲೆ ಜಾಕೆಟ್, ಹುಟ್ಟು ಹೊಂದಿಸುವ ಗಲಾಟೆಯಲ್ಲಿ ಅದನ್ನು ಎಲ್ಲರೂ ಮರೆತೆವು. ಹೊರಡುವ ಹೊತ್ತಿಗೆ ಸಂದಿಯಲ್ಲಿ ಬರೀ ಕಡ್ಡಿ ಉಳಿದಿತ್ತು. ಭಾವ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ಭಾವ ಮುಂದೆ, ಅಕ್ಕ ಹಿಂದೆ, ಜಾಕೆಟ್ ಬಿಗಿದುಕೊಂಡು ನಡುವೆ ನಾನು. ನೀರು ಹೊಳೆಯುತ್ತಿತ್ತು, ದೂರದಲ್ಲಿ ಹಿಮದ ಬೆಟ್ಟ ಅಂದು ಪೂರ್ತಿ ಮುಖ ತೋರಿಸಿತ್ತು. ಅವರಿಬ್ಬರೂ ಹುಟ್ಟು ಹಾಕಿದಂತೆ ದಡದಿಂದ ಸಾಕಷ್ಟು ದೂರ ಬಂದೆವು. ನನಗೆ ಭಯ ಹೋಗಿ ಹಾಡು ಬರುವುದರಲ್ಲಿತ್ತು. ಅಲ್ಲಿಂದ ಭಾವ ಹುಟ್ಟನ್ನು ಒಳಗಿಡಬೇಕು, ಅಕ್ಕನ ಪರೀಕ್ಷೆ ಶುರುವಾಗಬೇಕು ಎಂದು ಮಾತಾಗಿತ್ತು.

ಆಗ ಕುಕ್ಕರಿನ ಸೀಟಿಗೆ ಮುಂಚೆ ಬರುವಂಥ ಸಣ್ಣ ಸದ್ದು ಕೇಳಿಸಿತು. ಭಾವ ಬಗ್ಗಿ ನೋಡಿದರು. ಅವರ ಬಲ ಸೊಂಟದ ಪಕ್ಕದ ಕೊಳವೆಯಲ್ಲಿ ಕಡಲೆಬೇಳೆ ಗಾತ್ರದ ಕಪ್ಪು ಕಲೆ, ಅದರ ನಡುವಿನಿಂದ ಗಾಳಿ. ಅಗರಬತ್ತಿ ಅಲ್ಲಿಗೆ ತಾಗಿ ಸುಟ್ಟಿತ್ತು. ದಡದಲ್ಲಿ ಕರಗಿ ಮೆತ್ತಿಕೊಂಡಿದ್ದದ್ದು ಈಗ ಭಾರಕ್ಕೆ ಬಿಟ್ಟುಕೊಂಡಿತ್ತು. ಭಾವ ಹೆಬ್ಬೆರಳನ್ನು ಅದರ ಮೇಲೆ ಒತ್ತಿದರು. ಸದ್ದು ನಿಂತಿತು. ಬೆರಳು ಸರಿಸಿದರೆ ಮತ್ತೆ ಸೀಟಿ.

“ಒಂದು ಕಡೆ ಹೋದ್ರೂ ಇನ್ನೊಂದು ಕಡೆ, ತಳ ಎರಡೂ ಬೇರೆ ಬೇರೆ ಚೇಂಬರ್. ಮುಳುಗಲ್ಲ” ಎಂದರು ನನಗೆ. ದನಿ ಮಾತ್ರ ಸಣ್ಣಗಿತ್ತು. ಓರೆಯಾಗಿ ಕೂತು ಬೆರಳೊತ್ತಿ ಹಿಡಿದವರಿಗೆ ಹುಟ್ಟು ಹಾಕಲಾಗುವುದಿಲ್ಲ. ನಾನು ಅವರ ಹುಟ್ಟು ತೆಗೆದುಕೊಂಡು ಎರಡು ಸಲ ಬೀಸಿದೆ. ದೋಣಿ ಬೆಟ್ಟದ ಕಡೆ ತಿರುಗಿತು.

“ವನಜಾ, ಅದನ್ನ ಕೆಳಗಿಡು! ಸುಮ್ನೆ ಕೂತ್ಕೊ!”

ಅಕ್ಕನ ಆ ದನಿಯನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ಇಟ್ಟೆ. ಅವಳು ದೋಣಿಯನ್ನು ದಡದ ಕಡೆಗೆ ತಿರುಗಿಸಿ, ಎಡಕ್ಕೊಂದು ಬಲಕ್ಕೊಂದು ಎಂದು ಒಂದೇ ಹದದಲ್ಲಿ ಎಳೆಯತೊಡಗಿದಳು. ಎದುರುಗಾಳಿ ಬೇರೆ. ತೇಲುವ ಹಲಗೆಯ ಮೇಲೆ ನಿಂತು ಹುಟ್ಟು ಹಾಕಿಕೊಂಡು ಬಂದ ಹುಡುಗಿಯೊಬ್ಬಳು ನಮ್ಮ ವಕ್ರ ಭಂಗಿಗಳನ್ನು ನೋಡಿ, ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು. ಅಕ್ಕ ಏದುಸಿರು ಬಿಡುತ್ತಲೇ “ಗುಡ್, ಥ್ಯಾಂಕ್ಯೂ!” ಎಂದಳು. ಆ ದೇಶದಲ್ಲಿ ಹೇಗಿದ್ದೀರಿ ಎಂದರೆ ಗುಡ್ ಎನ್ನುವುದು ಎಷ್ಟು ಮೈಗೂಡಿರುತ್ತದೆಂದು ಅಂದು ತಿಳಿಯಿತು. ನಾನು ಆ ಹುಡುಗಿಯನ್ನು ಆಸೆಯಿಂದ ನೋಡುತ್ತಲೇ ಉಳಿದೆ.

ಭಾವ ಮಾತಾಡಲಿಲ್ಲ. ಹಿಂದಿರುಗಿ ನೋಡಲಿಲ್ಲ. ಅಕ್ಕ “ಸ್ವಲ್ಪ ಎಡಕ್ಕೆ ವಾಲಿ” ಎಂದರೆ ವಾಲಿದರು, “ಸಾಕು” ಎಂದರೆ ನೆಟ್ಟಗಾದರು. ಅವರ ಬೆನ್ನು ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ದಡದ ಮನುಷ್ಯರು ಮೆಲ್ಲಗೆ ದೊಡ್ಡವರಾದರು. ಬಿಸ್ಕೆಟ್ ಬೊಗಳುವುದು ಕೇಳಿಸಿತು. ತಳಕ್ಕೆ ಮರಳು ತಾಗಿ ಗರಗರ ಎಂದಿತು. ನಾನು ಮೊದಲು ಹಾರಿಕೊಂಡೆ, ನಾಚಿಕೆಯೇನಿಲ್ಲ.

ಅಕ್ಕ ಇಳಿದು, ದೋಣಿಯನ್ನು ಹುಲ್ಲಿನ ಮೇಲಕ್ಕೆ ಎಳೆದಳು. ಭಾವ ಬೆರಳು ತೆಗೆಯದೆ ಅದರ ಜೊತೆಯಲ್ಲೇ ಬಗ್ಗಿಕೊಂಡು ಬಂದರು.

“ದಡ ಬಂತು ರೀ. ಕೈ ತೆಗೀರಿ.”

ಅವರು ತೆಗೆಯಲಿಲ್ಲ. ತಲೆ ತಗ್ಗಿಸಿಯೇ ಹೇಳಿದರು: “ಅವತ್ತು ರಸ್ತೇಲಿ ನಾನು ಹೆದರಿದ್ದು ಎದೆನೋವಿಗಲ್ಲ ಸುಧಾ. ಗಾಡಿಗಳು ಹಾಗೆ ಓಡ್ತಿರೋವಾಗ ನಿನ್ನ ಅಲ್ಲಿ ಒಬ್ಬಳನ್ನೇ ಬಿಟ್ಟು ಹೋಗ್ಬಿಡ್ತೀನೇನೋ ಅಂತ. ಈವರೆಗೂ ಆ ಭಯ ಹೋಗಿರ್ಲಿಲ್ಲ. ಇವತ್ತು ಅಷ್ಟು ದೂರದಿಂದ ಬಂದ್ವಲ್ಲ, ಒಂಚೂರೂ ಭಯ ಆಗ್ಲಿಲ್ಲ ಕಣೇ.”

ಅಕ್ಕ ಅವರ ಕೈಯನ್ನು ದೋಣಿಯಿಂದ ಬಿಡಿಸಿ, ಬಿಳಿಚಿಹೋಗಿದ್ದ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟು ಉಜ್ಜತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು. “ನನಗೆ ಆಯ್ತು. ನೀವು ತಿರುಗಿ ನೋಡ್ಲಿಲ್ಲ ಅಷ್ಟೆ” ಎಂದಳು. ಚಪ್ಪಲಿ ಹುಡುಕುವ ನೆಪದಲ್ಲಿ ನಾನು ಡೇವ್ ಇದ್ದ ಕಡೆ ಹೋದೆ.

ಇಂಥ ತೂತಿಗೆ ಅಂಟಿಸುವ ತೇಪೆ ಚೀಲದ ಒಳಜೇಬಿನಲ್ಲೇ ಇದೆ ಎಂದ ಡೇವ್. ಆದರೆ ಮೊದಲು ಗಾಳಿ ಪೂರ್ತಿ ತೆಗೆಯಬೇಕು. ಅದನ್ನು ಹೇಳೋಣವೆಂದು ತಿರುಗಿ ನೋಡಿದರೆ ಅವರು ಆಗಲೇ ಬಿರಡೆಗಳನ್ನು ತೆಗೆದಿದ್ದರು. ಗಾಳಿ ಬೇಗ ಹೋಗಲೆಂದು ಭಾವ ದೋಣಿಯ ಮೇಲೆ ಅಂಗಾತ ಮಲಗಿದ್ದರು. ಅಕ್ಕ ಒಂದು ಕ್ಷಣ ಸುತ್ತ ನೋಡಿ, ಆಮೇಲೆ ಅವರ ಪಕ್ಕದಲ್ಲೇ ಮಲಗಿದಳು. ದೋಣಿ ಬುಸುಗುಡುತ್ತಾ ಇಬ್ಬರನ್ನೂ ಹುಲ್ಲಿನ ಮೇಲೆ ಮೆಲ್ಲಗೆ ಇಳಿಸುತ್ತಿತ್ತು. ಮೊದಲು ಯಾವ ಸರೋವರಕ್ಕೆ ಹೋಗೋದು ಎಂದು ಅಕ್ಕ ಕೇಳುತ್ತಿದ್ದಳು.